ಬಿಸಿಗಡಲ ಮುನ್ಸೂಚನೆ: ಉಪಗ್ರಹದಿಂದ ನಾಡದೋಣಿಯವರೆಗೆ

ಆಕಾಶ ನಿರ್ಮಲ. ತೆಂಗಿನ ಗರಿ ಅಲುಗುವಷ್ಟೂ ಗಾಳಿಯಿಲ್ಲ. ಆದರೂ ಕೇರಳದ ಕರಾವಳಿಯಲ್ಲಿ ಸಮುದ್ರ ಹಠಾತ್ತನೆ ಉಬ್ಬಿ, ದಡ ಮೀರಿ, ಮೀನುಗಾರರ ಮನೆಯಂಗಳಕ್ಕೇ ನುಗ್ಗುವುದುಂಟು. ಅಲ್ಲಿನವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಈ ಅಲೆಗಳ ಜನ್ಮಸ್ಥಾನ ಅರಬ್ಬಿ ಸಮುದ್ರವಲ್ಲ. ಸಮಭಾಜಕ ವೃತ್ತದಾಚೆ, ಅಂಟಾರ್ಕ್ಟಿಕವನ್ನು ಸುತ್ತುವರಿದ ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಈ ಅಲೆಗಳು ಸಾವಿರಾರು ಕಿಲೋಮೀಟರ್ ಕ್ರಮಿಸಿ, ಹುಟ್ಟಿಸಿದ ಗಾಳಿ ಅಡಗಿದ ಎಷ್ಟೋ ದಿನಗಳ ಮೇಲೆ ಭಾರತದ ತೀರವನ್ನು ಮುಟ್ಟುತ್ತವೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇಂದು ಆ ಅಲೆಗಳು ದಾರಿಯಲ್ಲಿರುವಾಗಲೇ ಅವುಗಳ ಎತ್ತರವನ್ನೂ ಆಗಮನದ ಸಮಯವನ್ನೂ ಗಣಿಸಿ ಎಚ್ಚರಿಕೆ ನೀಡುತ್ತದೆ. ಕಾಣದ ಕಡಲನ್ನು ಓದುವ ಈ ವಿದ್ಯೆ ನಮ್ಮ ಕಾಲದ ಭವ್ಯ ವೈಜ್ಞಾನಿಕ ಸಾಧನೆಗಳಲ್ಲಿ ಒಂದು.

ಉಷ್ಣವಲಯದ ಸಾಗರದ ಹವಾಮಾನಕ್ಕೆ ತನ್ನದೇ ಆದ ಧರ್ಮವಿದೆ. ಯೂರೋಪಿನಂಥ ಸಮಶೀತೋಷ್ಣ ಪ್ರದೇಶಗಳಲ್ಲಿ ಶೀತಲ ಮತ್ತು ಉಷ್ಣ ವಾಯುರಾಶಿಗಳ ಸಂಘರ್ಷವೇ ಮಳೆಗಾಳಿಗಳ ಮೂಲ. ಇಲ್ಲಿ ಎಲ್ಲದಕ್ಕೂ ಇಂಧನ ಸಮುದ್ರದ ಶಾಖ. ಏಪ್ರಿಲ್-ಮೇ ತಿಂಗಳಲ್ಲಿ ಆಗ್ನೇಯ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಸಾಕು. ಆವಿಯಾಗಿ ಮೇಲೇರಿದ ನೀರು ಮೋಡವಾಗುವಾಗ ಅದರಲ್ಲಿ ಅಡಗಿದ್ದ ಶಾಖ ಬಿಡುಗಡೆಯಾಗಿ, ವಾಯುಭಾರ ಕುಸಿದು, ಸುತ್ತಲಿನ ಗಾಳಿ ಆ ಕೇಂದ್ರದತ್ತ ಧಾವಿಸುತ್ತದೆ. ಭೂಮಿಯ ಆವರ್ತನೆ ಅದಕ್ಕೆ ಸುಳಿಯ ರೂಪ ಕೊಡುತ್ತದೆ. ಸಮಭಾಜಕ ವೃತ್ತದಿಂದ ಐದು ಡಿಗ್ರಿಯೊಳಗೆ ಈ ಪ್ರಭಾವ ಕ್ಷೀಣವಾದ್ದರಿಂದ ಅಲ್ಲಿ ಚಂಡಮಾರುತ ಹುಟ್ಟುವುದು ಅತ್ಯಪರೂಪ. ಇನ್ನೂ ವಿಸ್ಮಯದ ಸಂಗತಿಯೆಂದರೆ, ನಮ್ಮ ಮುಂಗಾರೇ ಚಂಡಮಾರುತಗಳ ವೈರಿ. ಕೆಳಸ್ತರದಲ್ಲಿ ಪಶ್ಚಿಮದ ಗಾಳಿ, ಬಹು ಎತ್ತರದಲ್ಲಿ ಪೂರ್ವದ ಗಾಳಿ ಪ್ರಬಲವಾಗಿ ಬೀಸುವ ಆ ತಿಂಗಳುಗಳಲ್ಲಿ ಮೇಲೇಳುವ ಸುಳಿಯ ಗೋಪುರ ಓರೆಯಾಗಿ ಚದುರಿಹೋಗುತ್ತದೆ. ಆದ್ದರಿಂದಲೇ ಚಂಡಮಾರುತಗಳ ಕಾಲ ಮುಂಗಾರಿಗೆ ಮುನ್ನ ಮತ್ತು ಅದರ ನಂತರ.

ಈ ಗಾಳಿಗಳ ಲಯವನ್ನು ನಾವಿಕರು ಎರಡು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ನೈರುತ್ಯ ಮಾರುತ ಹಿಡಿದು ಮಲಬಾರಿಗೆ ಬಂದು, ಈಶಾನ್ಯ ಮಾರುತ ಹಿಡಿದು ಅರಬ್ಬಿ ತೀರಕ್ಕೆ ಮರಳುವ ವಾಣಿಜ್ಯಯಾನವೇ ಕಾಳುಮೆಣಸಿನ ಸಂಪತ್ತನ್ನು ಕಟ್ಟಿತು. ಆದರೆ ಬಿರುಗಾಳಿಯ ಶಾಸ್ತ್ರ ರೂಪುಗೊಂಡದ್ದು ಬಹಳ ತಡವಾಗಿ, ಅದೂ ಕಲ್ಕತ್ತೆಯಲ್ಲಿ. ಹಿಂದೆ ಹಡಗಿನ ಕಪ್ತಾನನಾಗಿದ್ದ ಹೆನ್ರಿ ಪಿಡಿಂಗ್ಟನ್, ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಲುಕಿ ಬಂದ ಹಡಗುಗಳ ದಿನಚರಿಗಳನ್ನು ಸಂಗ್ರಹಿಸಿ, ಗಾಳಿಯ ದಿಕ್ಕುಗಳನ್ನು ನಕಾಶೆಯ ಮೇಲೆ ಗುರುತಿಸುತ್ತ ಹೋದ. 1848ರ ತನ್ನ ಗ್ರಂಥದಲ್ಲಿ ಆತ ಈ ಸುಳಿಗೆ ಕೊಟ್ಟ ‘ಸೈಕ್ಲೋನ್’ ಎಂಬ ಹೆಸರು ಜಗತ್ತಿನಲ್ಲೆಲ್ಲ ನಿಂತಿತು. ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಸರ್ಕಾರ ಹೊರಟಾಗ, ಒಂದು ದಿನ ಚಂಡಮಾರುತದ ನೀರು ಆ ಪಟ್ಟಣವನ್ನೇ ಕೊಚ್ಚಿಹಾಕೀತೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಯಾರೂ ಕಿವಿಗೊಡಲಿಲ್ಲ. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡ. 1867ರಲ್ಲಿ ಆ ಹೊಸ ಬಂದರು, ಪೋರ್ಟ್ ಕ್ಯಾನಿಂಗ್, ಚಂಡಮಾರುತದಲ್ಲಿ ಧ್ವಂಸವಾಯಿತು. ಹತ್ತಾರು ಸಾವಿರ ಜನರನ್ನು ಬಲಿ ಪಡೆದ 1864ರ ಕಲ್ಕತ್ತಾ ಚಂಡಮಾರುತದ ಬಳಿಕ ಬಂದರಿಗೆ ಮುನ್ನೆಚ್ಚರಿಕೆಯ ವ್ಯವಸ್ಥೆ ಮೊದಲಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಬಂದರುಗಳಿಗೆ ಇಲಾಖೆ ನೀಡುವ ಒಂದರಿಂದ ಹನ್ನೊಂದರವರೆಗಿನ ಸಂಕೇತಗಳು ಇಂದಿಗೂ ಜೀವಂತ. ಪತ್ರಿಕೆಗಳಲ್ಲಿ ‘ಮೂರನೇ ನಂಬರಿನ ಎಚ್ಚರಿಕೆ’ ಎಂಬ ಸುದ್ದಿ ಆಗಾಗ ಕಾಣುತ್ತದಲ್ಲ, ಅದು ಇದೇ. ಎಂಟು, ಒಂಬತ್ತು, ಹತ್ತು ಮಹಾ ಅಪಾಯದವು. ಹನ್ನೊಂದು ಇನ್ನೂ ಗಂಭೀರ: ಇಲಾಖೆಯೊಂದಿಗೆ ಸಂಪರ್ಕವೇ ಕಡಿದುಹೋಗಿದೆ, ಮುಂದಿನ ನಿರ್ಧಾರ ಬಂದರಿನ ಅಧಿಕಾರಿಯದೇ ಎಂದರ್ಥ.

ಇಂದು ಸಾಗರದ ನಾಡಿ ಹಿಡಿಯುವ ಕಣ್ಣುಗಳು ಆಕಾಶದಲ್ಲೂ ಇವೆ, ಆಳದಲ್ಲೂ ಇವೆ. 2024ರ ಫೆಬ್ರವರಿಯಲ್ಲಿ ಉಡಾವಣೆಗೊಂಡ ಇನ್ಸಾಟ್-3ಡಿಎಸ್ ಮೋಡಗಳ ಚಲನೆಯನ್ನು ಕಾಯುತ್ತದೆ. 2022ರಲ್ಲಿ ಕಕ್ಷೆ ಸೇರಿದ ಓಷನ್‌ಸ್ಯಾಟ್-3 ಕಡಲಿನ ಮೇಲ್ಮೈಗೆ ರೇಡಾರ್ ಕಿರಣ ಹಾಯಿಸಿ, ಕಿರುದೆರೆಗಳಿಂದ ಚದುರಿ ಮರಳುವ ಪ್ರತಿಫಲನದಿಂದಲೇ ಗಾಳಿಯ ವೇಗ ಮತ್ತು ದಿಕ್ಕನ್ನು ಅಳೆಯುತ್ತದೆ. ಜಗತ್ತಿನ ಸಾಗರಗಳಲ್ಲಿ ತೇಲುವ ಸುಮಾರು ನಾಲ್ಕು ಸಾವಿರ ಆರ್ಗೋ ಯಂತ್ರಗಳು ಎರಡು ಸಾವಿರ ಮೀಟರ್ ಆಳದಿಂದ ಮೇಲೇಳುತ್ತ ನೀರಿನ ಉಷ್ಣತೆ, ಲವಣಾಂಶಗಳನ್ನು ದಾಖಲಿಸಿ, ಸುಮಾರು ಹತ್ತು ದಿನಗಳಿಗೊಮ್ಮೆ ಉಪಗ್ರಹಕ್ಕೆ ರವಾನಿಸುತ್ತವೆ. ಮೇಲ್ಮೈಯ ಬಿಸಿ ಮಾತ್ರ ತಿಳಿದರೆ ಸಾಲದು. ಬೆಚ್ಚಗಿನ ನೀರು ಎಷ್ಟು ಆಳಕ್ಕೆ ಹಬ್ಬಿದೆ ಎಂಬುದರ ಮೇಲೆಯೇ ಚಂಡಮಾರುತದ ಬಲ ನಿಂತಿದೆ.

ಮುನ್ಸೂಚನೆಯಲ್ಲಿ ‘ಮೂರು ಮೀಟರ್ ಅಲೆ’ ಎಂದು ಓದಿದಾಗ ಒಂದು ವಿಷಯ ಮನದಲ್ಲಿರಲಿ. ಅದು ಅತಿ ದೊಡ್ಡ ಅಲೆಯ ಎತ್ತರವಲ್ಲ. ಅಲೆಗಳ ಪೈಕಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. ಅದೇ ಹೊತ್ತಿನಲ್ಲಿ ಅದರ ಇಮ್ಮಡಿಯಷ್ಟು ಎತ್ತರದ ಒಂಟಿ ಅಲೆಯೂ ಬರಬಹುದು. ಚಿಕ್ಕ ದೋಣಿಯವರ ಪಾಲಿಗೆ ಇದು ಜೀವನ್ಮರಣದ ವ್ಯತ್ಯಾಸ.

ಈ ವಿಜ್ಞಾನದ ಫಲವನ್ನು ಅರಿಯಲು ಒಡಿಶಾದತ್ತ ನೋಡಬೇಕು. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2019ರ ಮೇ ತಿಂಗಳಲ್ಲಿ ಫನಿ ಚಂಡಮಾರುತ ಅಪ್ಪಳಿಸುವ ಮುನ್ನವೇ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಆ ರಾಜ್ಯದಲ್ಲಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ದೆಹಲಿಯ ಹವಾಮಾನ ಇಲಾಖೆಯ ಮುನ್ಸೂಚನೆ, ಹಳ್ಳಿಹಳ್ಳಿಯ ಆಶ್ರಯತಾಣ, ಸ್ವಯಂಸೇವಕರ ಪಡೆ ಇವೆಲ್ಲ ಕೂಡಿ ಗೆದ್ದ ಗೆಲುವು ಅದು.

ದಡದಲ್ಲಿರುವವರನ್ನು ಕಾಪಾಡುವುದು ಒಂದು ಬಗೆ. ಆಗಲೇ ಕಡಲಿಗಿಳಿದವರನ್ನು ತಲುಪುವುದು ಇನ್ನೊಂದು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಸಮೀಪ ಓಖಿ ಅತಿ ಶೀಘ್ರವಾಗಿ ಚಂಡಮಾರುತವಾಗಿ ಬಲಿತಾಗ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ದೂರದ ಆಳಸಮುದ್ರದಲ್ಲಿದ್ದರು. ಮೊಬೈಲ್ ಸಂಕೇತ ತೀರದಿಂದ ಕೆಲವೇ ಕಿಲೋಮೀಟರ್‌ಗೆ ಮುಗಿಯುತ್ತದೆ. ನೂರಾರು ಜನ ಮರಳಲಿಲ್ಲ. ಆ ದುರಂತದ ಬೆನ್ನಿಗೇ, 2019ರಲ್ಲಿ, ಗಗನ್ ಉಪಗ್ರಹ ವ್ಯವಸ್ಥೆಯ ಮೂಲಕ ಆಳಸಮುದ್ರಕ್ಕೂ ಎಚ್ಚರಿಕೆ ಮುಟ್ಟಿಸುವ ‘ಜೆಮಿನಿ’ ಸಾಧನವನ್ನು ಇನ್‌ಕಾಯ್ಸ್ ಹೊರತಂದಿತು. 2020ರಲ್ಲಿ ಬಂದದ್ದು ಚಿಕ್ಕ ದೋಣಿಗಳಿಗೆಂದೇ ರೂಪಿಸಿದ ಸೇವೆ. ಅಲೆಯ ಎತ್ತರವನ್ನಷ್ಟೇ ಹೇಳಿ ಬಿಡದೆ, ಏಳು ಮೀಟರ್‌ವರೆಗಿನ ಅಗಲದ ದೋಣಿ ಮಗುಚುವ ಸಂಭವ ಎಲ್ಲೆಲ್ಲಿದೆ ಎಂಬುದನ್ನೇ ಅದು ಲೆಕ್ಕ ಹಾಕುತ್ತದೆ. ಕರ್ನಾಟಕದ ಕಡಲೂ ಅದರ ವ್ಯಾಪ್ತಿಯಲ್ಲಿದೆ.

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ರೂಪುಗೊಂಡ ತೌಕ್ತೆ ಚಂಡಮಾರುತ ಗುಜರಾತಿನತ್ತ ಸಾಗುವ ಹಾದಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ತೀರಗಳನ್ನು ಅಲುಗಾಡಿಸಿತು. ಮಂಗಳೂರು, ಮಲ್ಪೆಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ದಿನಗಟ್ಟಲೆ ನೀರಿನ ಮೇಲೆಯೇ ಇರುವುದರಿಂದ, ಹೊರಡುವಾಗ ಕೇಳಿದ ಮುನ್ಸೂಚನೆ ಮರಳುವ ವೇಳೆಗೆ ಹಳತಾಗಿರುತ್ತದೆ. ಜೆಮಿನಿ ಅಲ್ಲಿಗೂ ಹೊಸ ಎಚ್ಚರಿಕೆ ಮುಟ್ಟಿಸುತ್ತದೆ, ಆದರೆ ಅದರಲ್ಲಿ ಸಂದೇಶ ಒಮ್ಮುಖ, ಬೋಟಿನವರು ಉತ್ತರಿಸಲಾರರು. 2024ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಯೋಜನೆ ಆ ಕೊರತೆಯನ್ನು ನೀಗಲು ಹೊರಟಿದೆ: ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವುದು ಅದರ ಗುರಿ. ಅವು ಎಚ್ಚರಿಕೆಯನ್ನು ದೋಣಿಗೆ ತರುತ್ತವೆ, ಆಪತ್ತಿನ ಕರೆಯನ್ನು ದಡಕ್ಕೂ ಮುಟ್ಟಿಸುತ್ತವೆ.