ಗದ್ದಲದಡಿ ಸಿಕ್ಕ ನಕ್ಷತ್ರಗಳ ಡಿಕ್ಕಿ

2017ರ ಆಗಸ್ಟ್ 17. ಅಮೆರಿಕದ ಹ್ಯಾನ್‌ಫರ್ಡ್‌ನ ಲೈಗೊ ಶೋಧಕದಲ್ಲಿ ಗುರುತ್ವ ಅಲೆ ಬಂದಿದೆ ಎಂದು ಕಂಪ್ಯೂಟರ್ ಸುದ್ದಿ ಕೊಟ್ಟಿತು. ಮೂರು ಸಾವಿರ ಕಿ.ಮೀ. ಆಚೆಯ ಲಿವಿಂಗ್‌ಸ್ಟನ್ ಶೋಧಕದಿಂದ ಮಾತ್ರ ಸೊಲ್ಲೇ ಇಲ್ಲ.

ಒಬ್ಬರೇ ಸಾಕ್ಷಿ ಹೇಳಿದರೆ ಲೈಗೊದವರು ಸುಲಭಕ್ಕೆ ಒಪ್ಪುವುದಿಲ್ಲ. ನಾಲ್ಕು ಕಿ.ಮೀ. ಉದ್ದದ ತೋಳು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗಿದರೂ ಗುರುತಿಸಬೇಕಾದ ಯಂತ್ರವಿದು. ಗಾಳಿ, ಲಾರಿ, ಕಡಲಲೆ, ಎಲ್ಲದರ ನಡುಕವೂ ಅದಕ್ಕೆ ತಟ್ಟುತ್ತದೆ. ಹಿಮಗಟ್ಟಿದ ಕೊಳವೆಯನ್ನು ಕಾಗೆಗಳು ಕುಕ್ಕಿದ್ದೂ ಹ್ಯಾನ್‌ಫರ್ಡ್‌ನಲ್ಲಿ ದಾಖಲಾಗಿತ್ತು! ಹಾಗಾಗಿ ಎರಡೂ ಕಡೆ ಒಂದೇ ರೂಪದ ಅಲೆ ಕಾಣಬೇಕು. ನಡುವಿನ ಸಮಯದ ಅಂತರ, ಬೆಳಕು ಆ ದೂರ ದಾಟುವ 10 ಮಿಲಿಸೆಕೆಂಡನ್ನು ಮೀರಬಾರದು.

ಎರಡು ಕಡೆಯ ಗದ್ದಲವೂ ಅಕಸ್ಮಾತ್ ಹೊಂದಿಕೊಂಡುಬಿಟ್ಟರೆ? ಅದಕ್ಕೆ ಇವರದೊಂದು ಜಾಣ ಉಪಾಯ. ಒಂದು ಶೋಧಕದ ದತ್ತಾಂಶವನ್ನು ಬೇಕೆಂದೇ ಕಾಲದಲ್ಲಿ ಆ ಅಂತರಕ್ಕಿಂತ ಹೆಚ್ಚು ಹಿಂದೆ ಮುಂದೆ ಸರಿಸಿ ಮತ್ತೆ ತಾಳೆ ನೋಡುತ್ತಾರೆ. ಆಗ ಸಿಗುವ ಜೋಡಿಗಳೆಲ್ಲ ಖಂಡಿತ ಸುಳ್ಳು. ಸುಳ್ಳು ಎಷ್ಟು ಕಾಲಕ್ಕೊಮ್ಮೆ ನಿಜದ ವೇಷ ಹಾಕುತ್ತದೆ ಎಂಬುದು ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಸುಳ್ಳನ್ನು ತಾವೇ ತಯಾರಿಸಿ ಅಳೆಯುವ ಈ ಶಿಸ್ತು ನನಗಂತೂ ಯಂತ್ರಕ್ಕಿಂತ ದೊಡ್ಡದೆನಿಸುತ್ತದೆ.

ಆದರೆ ಅಂದು ಇನ್ನೊಂದು ಸಾಕ್ಷಿ ಇತ್ತು. ಅಲೆ ಮುಗಿದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣಗಳ ಸ್ಫೋಟ ಕಂಡಿತ್ತು. ವಿಜ್ಞಾನಿಗಳು ಲಿವಿಂಗ್‌ಸ್ಟನ್ ದತ್ತಾಂಶವನ್ನು ತೆರೆದು ಕಣ್ಣಾರೆ ನೋಡಿದರು. ಅಲ್ಲಿ ಅಲೆ ಇತ್ತು, ಹ್ಯಾನ್‌ಫರ್ಡ್‌ಗಿಂತ ಗಟ್ಟಿಯಾಗಿಯೇ ಇತ್ತು! ಸುಮಾರು 100 ಸೆಕೆಂಡು ಏರುತ್ತ ಹೋಗಿದ್ದ ಅದರ ಮೇಲೆ, ಅದನ್ನು ಹೊಮ್ಮಿಸಿದ ಎರಡು ನಕ್ಷತ್ರಗಳು ಒಂದಾಗುವ 1.1 ಸೆಕೆಂಡು ಮೊದಲು, ಕ್ಷಣಮಾತ್ರದ ಭಾರೀ ಗದ್ದಲ, ಅಂದರೆ ಗ್ಲಿಚ್, ಬಂದು ಕೂತಿತ್ತು. ಅದನ್ನು ಕಂಡ ತಂತ್ರಾಂಶ ಅಲೆಯನ್ನೂ ಸೇರಿಸಿ ತಳ್ಳಿಹಾಕಿತ್ತು.

ಗ್ಲಿಚ್ ಕತ್ತರಿಸಿ ತೆಗೆದರು. ಇಟಲಿಯ ವರ್ಗೊ ಶೋಧಕಕ್ಕೆ ಅಲೆ ಹೆಚ್ಚುಕಡಿಮೆ ಕೇಳಿಸಿಯೇ ಇರಲಿಲ್ಲ. ಅದೂ ಉಪಕಾರವಾಯಿತು, ಮೂಲವು ವರ್ಗೊದ ಕುರುಡು ದಿಕ್ಕಿನಲ್ಲಿದೆ ಎಂದು ತಿಳಿಯಿತು. ಹುಡುಕಬೇಕಾದ ಆಕಾಶ ಸುಮಾರು 30 ಚದರ ಡಿಗ್ರಿಗೆ ಇಳಿಯಿತು. ಡಿಕ್ಕಿಯಾದ 11 ಗಂಟೆಯೊಳಗೆ ಚಿಲಿಯ ಸ್ವೋಪ್ ದೂರದರ್ಶಕ, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕನ್ನು ಹಿಡಿಯಿತು. ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಅಲೆ ಮತ್ತು ಬೆಳಕು ಎರಡೂ ದಕ್ಕಿದ್ದು ಅದೇ ಮೊದಲು.

ಅಂಥ ಗ್ಲಿಚ್ ಲೈಗೊದಲ್ಲಿ ಕೆಲವು ಗಂಟೆಗೊಮ್ಮೆ ಬರುವಂಥದ್ದು. ಕಾರಣ ಗೊತ್ತಿಲ್ಲವೆಂದು ಶೋಧವನ್ನು ಸಾರಿದ ಪ್ರಬಂಧದಲ್ಲೇ ಬರೆದರು.