ಕ್ಷೇತ್ರಗಣನೆಯಲ್ಲಿ ಚಿಹ್ನನಿರ್ಣಯ

ಬಿಂದು, ರೇಖೆ, ತ್ರಿಭುಜ ಮೊದಲಾದುವುಗಳ ಪರಸ್ಪರ ಸಂಬಂಧವನ್ನು ಗಣಕಯಂತ್ರದಿಂದ ನಿರ್ಣಯಿಸುವ ಶಾಸ್ತ್ರಕ್ಕೆ ಗಣನಾತ್ಮಕ ರೇಖಾಗಣಿತವೆಂದು ಹೆಸರು. ಶಾಖ, ಪ್ರವಾಹ, ಭೂಕಂಪ ಮೊದಲಾದ ವ್ಯಾಪಾರಗಳನ್ನು ಅಂಕಗಳಿಂದ ಅನುಕರಿಸಿ ತಿಳಿಯುವುದು ವೈಜ್ಞಾನಿಕ ಗಣನೆ. ಇವೆರಡರ ಸ್ವಭಾವವು ಒಂದೇ ಅಲ್ಲ. ಎರಡನೆಯದು ಆಸನ್ನಮಾನದಿಂದ ತೃಪ್ತಿಗೊಳ್ಳುವುದು. ಮೊದಲನೆಯದಕ್ಕಾದರೋ ‘ಹೌದು’, ‘ಅಲ್ಲ’ ಎಂಬ ನಿಶ್ಚಯವೇ ಬೇಕು. ಈ ಭೇದವನ್ನು ಪರಿಹರಿಸಿ ಎರಡನ್ನೂ ಹೊಂದಿಸಿದವರಲ್ಲಿ ಜೊನಾಥನ್ ಷ್ಯೂಚುಕ್ ಎಂಬ ವಿದ್ವಾಂಸರು ಗಣ್ಯರು.

ಒಂದು ಪ್ರದೇಶದಲ್ಲಿ ಶಾಖವು ಹರಡುವ ಬಗೆಯನ್ನು ಗಣಿಸಬೇಕಾದರೆ, ಆ ಪ್ರದೇಶವನ್ನು ಮೊದಲು ಸಣ್ಣ ಸಣ್ಣ ತ್ರಿಭುಜಗಳಾಗಿ ವಿಭಾಗಿಸುವುದುಂಟು. ತ್ರಿಭುಜಗಳು ಸೂಜಿಯಂತೆ ನೀಳವಾದರೆ ಗಣನೆಯು ಕೆಡುವುದು. ಯಾವ ತ್ರಿಭುಜದ ಪರಿವೃತ್ತದೊಳಗೂ ಬೇರೊಂದು ಶೃಂಗಬಿಂದುವು ಬೀಳದಂತೆ ವಿಭಾಗಿಸುವ ಕ್ರಮವು, 1934ರಲ್ಲಿ ಅದನ್ನು ಕುರಿತು ಬರೆದ ರಷ್ಯಾದ ಗಣಿತಜ್ಞ ಬೊರಿಸ್ ಡೆಲೊನೆಯ ಹೆಸರಿನಿಂದ ಪ್ರಸಿದ್ಧವಾಗಿದೆ. ಕೆಟ್ಟ ತ್ರಿಭುಜದ ಪರಿವೃತ್ತಕೇಂದ್ರದಲ್ಲಿ ಹೊಸ ಬಿಂದುವನ್ನಿಟ್ಟು ವಿಭಾಗವನ್ನು ತಿದ್ದುವ ವಿಧಾನವನ್ನು ಪಾಲ್ ಚ್ಯೂ, ಜಿಮ್ ರಪರ್ಟ್ ಎಂಬವರು ಬೆಳಸಿದರು. ಷ್ಯೂಚುಕ್ಕರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯವನ್ನು ವಿಸ್ತರಿಸಿ 1997ರಲ್ಲಿ ಡಾಕ್ಟರೇಟ್ ಪಡೆದರು.

ಇಲ್ಲಿ ಒಂದು ಸೂಕ್ಷ್ಮವಾದ ತೊಡಕುಂಟು. ‘ಕ’ ಬಿಂದುವಿನಿಂದ ‘ಖ’ ಬಿಂದುವಿಗೆ ಹೋಗುವ ರೇಖೆಯ ಎಡಕ್ಕೆ ‘ಗ’ ಬಿಂದುವಿದೆಯೋ ಬಲಕ್ಕಿದೆಯೋ ಎಂದು ತಿಳಿಯಲು ಒಂದು ಬೀಜೋಕ್ತಿಯನ್ನು ಗಣಿಸಬೇಕು. ಫಲವು ಧನವಾದರೆ ಎಡ, ಋಣವಾದರೆ ಬಲ, ಶೂನ್ಯವಾದರೆ ರೇಖೆಯ ಮೇಲೆಯೇ. ಯಂತ್ರವಾದರೋ ಸಾಮಾನ್ಯವಾಗಿ ಒಂದು ಸಂಖ್ಯೆಗೆ 53 ದ್ವಿಮಾನ ಅಂಕಗಳನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಟ್ಟುಬಿಡುವುದು. ಬಿಂದುವು ರೇಖೆಗೆ ಅತಿಸಮೀಪದಲ್ಲಿದ್ದರೆ, ಬಿಟ್ಟ ಆ ಅಲ್ಪಶೇಷದಿಂದಲೇ ಧನವು ಋಣವಾಗಬಹುದು. ಮಾನದಲ್ಲಿ ದೋಷವು ಅಣುಮಾತ್ರವಾದರೂ ನಿರ್ಣಯವು ಸಂಪೂರ್ಣವಾಗಿ ವಿಪರೀತ. ಇಂತಹ ಪರಸ್ಪರವಿರುದ್ಧ ಉತ್ತರಗಳನ್ನು ನಂಬಿ ನಡೆದ ಗಣನೆಯು ಮುಗಿಯದೆ ಸುತ್ತುತ್ತಿರುವುದು, ಇಲ್ಲವೆ ಅಸಂಭವವಾದ ಆಕೃತಿಯನ್ನು ಕೊಡುವುದು. ಎಲ್ಲೆಡೆಯೂ ನಿಶ್ಶೇಷವಾಗಿ ಗಣಿಸಿದರೆ ದೋಷವಿಲ್ಲ. ಆದರೆ ಕಾಲವ್ಯಯವು ಅಧಿಕ.

ಷ್ಯೂಚುಕ್ಕರು 1997ರಲ್ಲಿ ಪ್ರಕಟಿಸಿದ ಪರಿಹಾರವು ಹೀಗಿದೆ. ಮೊದಲು ಸ್ಥೂಲವಾಗಿ ಗಣಿಸಿ, ಅದರಲ್ಲಿ ಸಂಭವಿಸಬಹುದಾದ ದೋಷದ ಪರಮಾವಧಿಯನ್ನೂ ಕಂಡುಕೊಳ್ಳಬೇಕು. ಫಲದ ಪರಿಮಾಣವು ಆ ಅವಧಿಯನ್ನು ಮೀರಿದ್ದರೆ ಚಿಹ್ನವು ನಿಸ್ಸಂದೇಹ, ಅಲ್ಲಿಗೇ ನಿಲ್ಲಿಸಬಹುದು. ಮೀರದಿದ್ದರೆ ಮಾತ್ರ, ಹಿಂದೆ ಗಣಿಸಿದುದನ್ನು ವ್ಯರ್ಥಮಾಡದೆ, ಅದಕ್ಕೆ ಶೇಷಗಳನ್ನು ಕೂಡಿಸುತ್ತ ಹಂತಹಂತವಾಗಿ ಸೂಕ್ಷ್ಮಗೊಳಿಸಬೇಕು. ಕಟ್ಟಕಡೆಯ ಹಂತದಲ್ಲಿ ಫಲವು ಯಥಾರ್ಥವೇ ಆಗುವುದು. ಗ್ರಂಥಸಂಪಾದಕನು ನಿಸ್ಸಂದಿಗ್ಧವಾದ ಪಾಠವನ್ನು ಹಾಗೆಯೇ ಸ್ವೀಕರಿಸಿ, ಸಂದೇಹವಿದ್ದೆಡೆಯಲ್ಲಿ ಮಾತ್ರ ಮತ್ತೊಂದು ಓಲೆಯ ಪ್ರತಿಯನ್ನು ಬಿಚ್ಚುವಂತೆ ಇದು. ಭೇದವೇನೆಂದರೆ, ಸಂಪಾದಕನಿಗೆ ಕೆಲವೆಡೆ ಸಂದೇಹವು ಉಳಿದೇ ಉಳಿಯುವುದು; ಇಲ್ಲಿ, ಸಂಖ್ಯೆಗಳು ಯಂತ್ರದ ಮಿತಿಯೊಳಗಿರುವವರೆಗೆ, ನಿರ್ಣಯವು ಖಂಡಿತ.

ಇಂತಹ ಪರೀಕ್ಷೆಗಳನ್ನು ಒಳಗೊಂಡ ‘ಟ್ರಯಾಂಗಲ್’ ಎಂಬ ಕ್ರಮವಿಧಿಯನ್ನು ಅವರು 1996ರ ಲೇಖನದಲ್ಲಿ ವಿವರಿಸಿದ್ದರು. ಅನಂತರ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 2012ರಲ್ಲಿ ಸಿಯು-ವಿಂಗ್ ಚೆಂಗ್, ತಮಲ್ ಕೃಷ್ಣ ಡೇ ಇವರೊಡನೆ ಈ ವಿಷಯದ ಗ್ರಂಥವೊಂದನ್ನು ರಚಿಸಿದರು. ‘ಟ್ರಯಾಂಗಲ್’ಗಾಗಿ ಅವರಿಗೆ 2003ರಲ್ಲಿ ವಿಲ್ಕಿನ್‌ಸನ್ ಪಾರಿತೋಷಕವು ಸಂದಿತು. ಗಣನೆಯಲ್ಲಿ ಬಿಟ್ಟುಹೋಗುವ ಶೇಷಗಳ ದೋಷವನ್ನೇ ಜೀವಮಾನವೆಲ್ಲ ಪರಿಶೀಲಿಸಿದ ಇಂಗ್ಲೆಂಡಿನ ಜೇಮ್ಸ್ ವಿಲ್ಕಿನ್‌ಸನ್ನರ ಹೆಸರಿನ ಪಾರಿತೋಷಕವು ಈ ಕೃತಿಗೆ ದೊರೆತುದು ಸರ್ವಥಾ ಉಚಿತವಾಗಿದೆ.