ಆಟಕ್ಕೊಬ್ಬ ಒಡೆಯ, ನಷ್ಟಕ್ಕೆ ನೌಕರ: ಇ-ಕ್ರೀಡಾ ಸಂಸ್ಥೆಗಳು ಕುಸಿಯುವ ಬಗೆ

ಒಂದೇ ಬೆಳೆಯನ್ನು ನಂಬಿದವರ ಪಾಡು ಏನೆಂಬುದನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆ ಸೇರಿಕೊಂಡಿದೆ. ಮುತ್ತಿನಕೊಪ್ಪದಂತಹ ಊರುಗಳ ಮನೆಗಳು ಮಕ್ಕಳನ್ನು ಓದಿಸಿ ಬೆಂಗಳೂರಿಗೆ ಕಳುಹಿಸುವುದರ ಹಿಂದೆ ಈ ಅನುಭವದ ಪಾಲೂ ಇದೆ. ತೋಟ ಕೈಕೊಟ್ಟರೂ ತಿಂಗಳ ಸಂಬಳ ಕೈಕೊಡದು ಎಂಬುದು ಹಿರಿಯರ ಲೆಕ್ಕ. ಆದರೆ ರಾಜಧಾನಿಯ ಕೆಲವು ಹೊಸ ಉದ್ಯಮಗಳ ಬುನಾದಿ ಒಂದೇ ಬೆಳೆಯ ತೋಟಕ್ಕಿಂತಲೂ ದುರ್ಬಲವಾದದ್ದು. ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳ ಸ್ಪರ್ಧೆಯನ್ನು ಆಧರಿಸಿದ ಇ-ಕ್ರೀಡೆ, ಮತ್ತು ಅದನ್ನು ವರದಿ ಮಾಡುವ, ಪ್ರಸಾರ ಮಾಡುವ ಸಂಸ್ಥೆಗಳು ಇದಕ್ಕೆ ನಿದರ್ಶನ.

2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ಈ ಮಾತಿಗೆ ಬೆಂಗಳೂರಿನಲ್ಲಿಯೇ ಪುರಾವೆ ದೊರಕಿತು. ಮೊಬೈಲ್ ಪ್ರೀಮಿಯರ್ ಲೀಗ್ ಎಂಬ ಹೆಸರಿನಿಂದ 2018ರಲ್ಲಿ ಆರಂಭವಾದ ಎಂಪಿಎಲ್ ಸಂಸ್ಥೆಯು ಭಾರತದಲ್ಲಿನ ತನ್ನ ನೌಕರರ ಪೈಕಿ ಶೇಕಡ 60ರಷ್ಟು, ಅಂದರೆ ಸುಮಾರು 300 ಮಂದಿಯನ್ನು ಕೆಲಸದಿಂದ ತೆಗೆಯಲಿದೆ ಎಂದು ರಾಯ್ಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಇದಕ್ಕೆ ಕಾರಣವಾದದ್ದು ಕೇಂದ್ರ ಸರ್ಕಾರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಈ ಮಸೂದೆಯನ್ನು ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ನಿಷೇಧ ಹೇರಿದ ಈ ಕಾನೂನು ಅಂತಹ ಆಟಗಳ ಜಾಹೀರಾತನ್ನೂ ಅಪರಾಧವೆಂದು ಘೋಷಿಸಿತು. ಸಂಸ್ಥೆಯ ವರಮಾನದ ಸುಮಾರು ಅರ್ಧ ಭಾಗ ಭಾರತದಿಂದ ಬರುತ್ತಿತ್ತು. ವರ್ಷಗಳ ಕಾಲ ಕಟ್ಟಿದ ವ್ಯವಹಾರದ ಬಾಗಿಲು ಮುಚ್ಚಲು ಮೂರು ದಿನಗಳು ಸಾಕಾದವು.

ಗಮನಿಸಬೇಕಾದ ಸಂಗತಿಯೆಂದರೆ, ಇದೇ ಕಾಯ್ದೆ ಇ-ಕ್ರೀಡೆಗೆ ಮಾನ್ಯತೆಯನ್ನೂ ನೀಡಿದೆ. ಕೌಶಲ, ತಂಡದಾಟ ಮತ್ತು ನಿಯಮಬದ್ಧ ಸ್ಪರ್ಧೆ ಇರುವ, ಪಣವಿಲ್ಲದ ಆಟ ಇ-ಕ್ರೀಡೆ. ಗೆದ್ದರೆ ಹೆಚ್ಚು ಹಣ ಬರುವುದೆಂಬ ಆಸೆಯಿಂದ ಹಣ ಕಟ್ಟಿ ಆಡುವುದು ಹಣದ ಆಟ. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಮಾರುಕಟ್ಟೆಯಲ್ಲಿ ಮಾತ್ರ ಇವು ಬಹುಕಾಲ ಒಂದೇ ಸೂರಿನಡಿ ಬಾಳಿದವು. ಎಂಪಿಎಲ್ ಕೂಡ ಹಣದ ಆಟಗಳ ಜೊತೆಗೆ ಇ-ಕ್ರೀಡಾ ಪಂದ್ಯಾವಳಿಗಳನ್ನು ನಡೆಸಿದ ಸಂಸ್ಥೆ. ಒಂದು ಕಂಬ ಬಿದ್ದಾಗ ಸೂರು ಎರಡರ ಮೇಲೂ ಕುಸಿಯಿತು.

ಒಡೆಯನಿರುವ ಆಟ

ಕಬಡ್ಡಿಯನ್ನಾಗಲಿ ವಾಲಿಬಾಲನ್ನಾಗಲಿ ಆಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಊರಿನ ಶಾಲಾ ಮೈದಾನದಲ್ಲಿ ಬಲೆ ಕಟ್ಟಿ ಪಂದ್ಯ ನಡೆಸಿದರೆ ಯಾವ ಕಂಪನಿಯೂ ಬಂದು ತಡೆಯುವುದಿಲ್ಲ. ಕ್ರಿಕೆಟ್ ಮಂಡಳಿಗಳು ಪಂದ್ಯಾವಳಿಯ ಹಕ್ಕನ್ನು ಮಾರಬಲ್ಲವೇ ಹೊರತು ಕ್ರಿಕೆಟ್ ಎಂಬ ಆಟವನ್ನೇ ಹಿಂದಕ್ಕೆ ಪಡೆಯಲಾರವು. ಇ-ಕ್ರೀಡೆಯ ಸ್ಥಿತಿ ಬೇರೆ. ಇಲ್ಲಿ ಪ್ರತಿಯೊಂದು ಆಟವೂ ಒಂದು ಕಂಪನಿಯ ಸ್ವತ್ತು. ಪಂದ್ಯಾವಳಿ ನಡೆಸಲು, ಪ್ರಸಾರ ಮಾಡಲು ಆ ಕಂಪನಿಯ ಅನುಮತಿ ಬೇಕು. ಕಂಪನಿ ಆಟವನ್ನು ನಿಲ್ಲಿಸಿದರೆ, ಅಥವಾ ಸರ್ಕಾರ ಅದನ್ನು ನಿಷೇಧಿಸಿದರೆ, ಕ್ರೀಡೆಯೇ ಇಲ್ಲವಾಗುತ್ತದೆ.

ಭಾರತದಲ್ಲಿ ಇದು ಪದೇ ಪದೇ ನಡೆದಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳ ಪಟ್ಟಿಯಲ್ಲಿ ಪಬ್ಜಿ ಮೊಬೈಲ್ ಸೇರಿತ್ತು. 2021ರ ಜುಲೈನಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಮರಳಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧಕ್ಕೊಳಗಾಯಿತು. ಆ ವರ್ಷದ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬ್ಯಾಟಲ್‌ಗ್ರೌಂಡ್ಸ್ ಪಂದ್ಯಾವಳಿಯೊಂದು ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲಿಯೇ ಪ್ರಸಾರವಾದಾಗ ಇ-ಕ್ರೀಡೆಗೆ ಇನ್ನು ಒಳ್ಳೆಯ ಕಾಲ ಬಂದಿತೆಂದೇ ಭಾವಿಸಲಾಗಿತ್ತು. ಆದರೆ ಜುಲೈ 28ರಂದು ಆ ಆಟವೂ ಆ್ಯಪ್ ಮಳಿಗೆಗಳಿಂದ ಮಾಯವಾಯಿತು. ಮತ್ತೆ ಬಂದದ್ದು 2023ರ ಮೇ ತಿಂಗಳಲ್ಲಿ. ನಡುವಿನ ಹತ್ತು ತಿಂಗಳು ಆ ಆಟವನ್ನೇ ನಂಬಿದ್ದ ಆಟಗಾರರಿಗೆ, ವೀಕ್ಷಕ ವಿವರಣೆಕಾರರಿಗೆ, ವರದಿಗಾರರಿಗೆ, ವಿಡಿಯೊ ಸಂಕಲನಕಾರರಿಗೆ ಹೇಳಿಕೊಳ್ಳುವಂತಹ ಕೆಲಸವಿರಲಿಲ್ಲ.

ಮೂರನೆಯ ಮೆಟ್ಟಿಲು

ಇ-ಕ್ರೀಡಾ ಮಾಧ್ಯಮ ನಿಂತಿರುವುದು ಈ ಕಟ್ಟಡದ ಮೂರನೆಯ ಮೆಟ್ಟಿಲಿನಲ್ಲಿ. ಮೊದಲನೆಯದು ಆಟದ ಒಡೆತನವುಳ್ಳ ಕಂಪನಿ, ಎರಡನೆಯದು ಪಂದ್ಯಾವಳಿ ಮತ್ತು ಪ್ರಾಯೋಜಕರು, ಮೂರನೆಯದು ಅವನ್ನು ಜನರಿಗೆ ತಲುಪಿಸುವ ಮಾಧ್ಯಮ. ಓದುಗರು ಹಾಗೂ ವೀಕ್ಷಕರು ಬಹುಪಾಲು ಯುವಕರು. ಸುದ್ದಿಗಾಗಿ ಚಂದಾ ಕೊಡುವ ರೂಢಿ ಅವರಲ್ಲಿ ಕಡಿಮೆ. ಹೀಗಾಗಿ ಆದಾಯಕ್ಕೆ ಜಾಹೀರಾತು ಮತ್ತು ಪ್ರಾಯೋಜಕತ್ವಗಳೇ ಗತಿ. ಹಣ ಕೊಡುವವರು ಯಾರ ಬಗ್ಗೆ ಬರೆಯಬೇಕೋ ಅವರೇ ಆಗಿರುವುದೂ ಉಂಟು. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಯಾವುದು ಅಲುಗಿದರೂ ಮೊದಲು ಕತ್ತರಿ ಬೀಳುವುದು ಮಾಧ್ಯಮದ ವೆಚ್ಚಕ್ಕೆ.

ದೊಡ್ಡ ಬಂಡವಾಳವೂ ಇಲ್ಲಿ ರಕ್ಷಣೆ ನೀಡಿಲ್ಲ ಎಂಬುದಕ್ಕೆ ಅಮೆರಿಕದ ಉದಾಹರಣೆಗಳಿವೆ. ಯಾಹೂ ಸಂಸ್ಥೆ 2016ರ ಮಾರ್ಚ್‌ನಲ್ಲಿ ಆರಂಭಿಸಿದ ಇ-ಕ್ರೀಡಾ ವಿಭಾಗವನ್ನು 2017ರ ಜೂನ್‌ನಲ್ಲಿ ಮುಚ್ಚಿತು. ಕ್ರೀಡಾ ಪ್ರಸಾರದಲ್ಲಿ ಹೆಸರಾದ ಇಎಸ್‌ಪಿಎನ್ 2016ರಲ್ಲಿ ತೆರೆದ ಇ-ಕ್ರೀಡಾ ಸುದ್ದಿ ವಿಭಾಗಕ್ಕೆ 2020ರ ನವೆಂಬರ್‌ನಲ್ಲಿ ತೆರೆ ಎಳೆಯಿತು. ಕಾಮ್‌ಕಾಸ್ಟ್ ಸಮೂಹ 2021ರ ನವೆಂಬರ್‌ನಲ್ಲಿ ಮತ್ತೆ ಚಾಲನೆ ನೀಡಿದ ಜಿ4 ವಾಹಿನಿ ಒಂದು ವರ್ಷ ತುಂಬುವ ಮೊದಲೇ, 2022ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಮಾತೃಸಂಸ್ಥೆಗಳು ಉಳಿದವು, ವಿಭಾಗಗಳು ಮತ್ತು ಅವುಗಳ ನೌಕರರು ಉಳಿಯಲಿಲ್ಲ.

ಎಲ್ಲ ಕಥೆಗಳೂ ಬಾಗಿಲು ಮುಚ್ಚುವುದರಲ್ಲಿಯೇ ಮುಗಿಯುವುದಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಎಫ್‌ಕೆ ಗೇಮಿಂಗ್ ಭಾರತದ ಇ-ಕ್ರೀಡಾ ಮಾಧ್ಯಮಗಳಲ್ಲಿ ಮೊದಲ ಸಾಲಿನದು. ಅದನ್ನು ತನ್ನ ವಶಕ್ಕೆ ಪಡೆಯುವುದಾಗಿ ಪಂದ್ಯಾವಳಿಗಳನ್ನು ಸಂಘಟಿಸುವ ನಾಡ್ವಿನ್ ಗೇಮಿಂಗ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮೂರನೆಯ ಮೆಟ್ಟಿಲಿನಲ್ಲಿ ಒಂಟಿಯಾಗಿ ನಿಲ್ಲುವುದು ಎಷ್ಟು ಕಷ್ಟವೆಂಬುದು ಇದರಿಂದಲೂ ತಿಳಿಯುತ್ತದೆ.

ಮುನ್ಸೂಚನೆಗಳು

ಎಂಪಿಎಲ್ ಪ್ರಕರಣದಲ್ಲಿ 2025ರ ಹೊಡೆತ ಮೊದಲನೆಯದಾಗಿರಲಿಲ್ಲ. 2022ರ ಮೇ ತಿಂಗಳಲ್ಲಿ ಸಂಸ್ಥೆ ಇಂಡೋನೇಷ್ಯಾದಿಂದ ಹೊರಬಂದು ಸುಮಾರು 100 ಮಂದಿಯನ್ನು ಕೈಬಿಟ್ಟಿತ್ತು. 2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿ ಆನ್‌ಲೈನ್ ಆಟಗಳಲ್ಲಿ ಕಟ್ಟುವ ಪೂರ್ಣ ಮೊತ್ತದ ಮೇಲೆ ಶೇಕಡ 28ರ ತೆರಿಗೆ ವಿಧಿಸಲು ನಿರ್ಧರಿಸಿತು. ಮರುತಿಂಗಳೇ ಸಂಸ್ಥೆ ಸುಮಾರು 350 ಜನರನ್ನು ತೆಗೆಯುವುದಾಗಿ ತಿಳಿಸಿತು. ಇದಕ್ಕೂ ಮುನ್ನ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆಟಗಳನ್ನು ನಿಷೇಧಿಸಿತ್ತು. ಅದರ ಮುಖ್ಯ ಕಲಮುಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ನಾಲ್ಕು ವರ್ಷಗಳಲ್ಲಿ ಇಷ್ಟು ಬಾರಿ ನೆಲ ನಡುಗಿದ ಉದ್ಯಮದಲ್ಲಿ ಕಟ್ಟಡದ ಮಾಲೀಕರಿಗೆ ಎಚ್ಚರಿಕೆ ಸಿಕ್ಕಿತ್ತು. ಒಳಗಿದ್ದವರಿಗೆ ಅದೇ ಪ್ರಮಾಣದಲ್ಲಿ ಸಿಗುವುದಿಲ್ಲ ಎಂಬುದೇ ಸಮಸ್ಯೆಯ ತಿರುಳು.

ಹಣದ ಆಟಗಳಿಂದ ಸಂಸಾರಗಳು ಹಾಳಾಗಿವೆ ಎಂಬ ದೂರು ಸುಳ್ಳಲ್ಲ. ಕಾನೂನಿನ ಉದ್ದೇಶವನ್ನು ಇಲ್ಲಿ ಪ್ರಶ್ನಿಸಬೇಕಾಗಿಯೂ ಇಲ್ಲ. ಆದರೆ ಪಂದ್ಯದ ವರದಿ ಬರೆದವರು, ಚಿತ್ರ ವಿನ್ಯಾಸ ಮಾಡಿದವರು, ಗ್ರಾಹಕರ ಕರೆ ಸ್ವೀಕರಿಸಿದವರು ಆ ಆಟಗಳ ಲಾಭದಲ್ಲಿ ಪಾಲುದಾರರಾಗಿರಲಿಲ್ಲ. ನಷ್ಟದಲ್ಲಿ ಮಾತ್ರ ಮೊದಲ ಪಾಲು ಅವರದಾಯಿತು.

ನೌಕರರಿಗೆ ಬರಬೇಕಾದುದೇನು?

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯ ಪ್ರಕಾರ ನೌಕರರನ್ನು ಕೆಲಸದಿಂದ ತೆಗೆದಾಗ, ಅವರು ರಾಜೀನಾಮೆ ನೀಡಿದಾಗ ಅಥವಾ ಸಂಸ್ಥೆ ಮುಚ್ಚಿದಾಗ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಔದ್ಯೋಗಿಕ ಸಂಬಂಧ ಸಂಹಿತೆಯಡಿ ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕರನ್ನು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಆ ತಿಂಗಳ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವೂ ಸಲ್ಲಬೇಕು. ಸಂಸ್ಥೆಯೇ ಮುಚ್ಚಿದಾಗಲೂ ಈ ಹಕ್ಕಿದೆ. ಮಾಲೀಕರ ಕೈಮೀರಿದ ಅನಿವಾರ್ಯ ಕಾರಣದಿಂದ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ವೇತನಕ್ಕೆ ಸೀಮಿತವಾಗುತ್ತದೆ. ಆದರೆ ಹಣಕಾಸಿನ ಮುಗ್ಗಟ್ಟೊಂದೇ ಅಂತಹ ಅನಿವಾರ್ಯ ಕಾರಣವಾಗದು ಎಂದು ಕಾನೂನು ಸ್ಪಷ್ಟಪಡಿಸಿದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಹುದ್ದೆಯ ಹೆಸರು. ಆಡಳಿತ ನಡೆಸುವ ಮ್ಯಾನೇಜರುಗಳು ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೊಸ ಕಂಪನಿಗಳಲ್ಲಿ ಎರಡನೆಯ ವರ್ಷದಲ್ಲಿಯೇ ಮ್ಯಾನೇಜರ್ ಪದವಿ ಸಿಗುವುದುಂಟು. ನ್ಯಾಯಾಲಯಗಳು ಹೆಸರನ್ನಲ್ಲದೆ ಮಾಡಿದ ಕೆಲಸದ ಸ್ವರೂಪವನ್ನು ನೋಡುತ್ತವೆಯಾದರೂ ಅದನ್ನು ರುಜುವಾತು ಮಾಡಲು ಕಾಗದಪತ್ರ ಬೇಕು. ಎರಡನೆಯದು ರಾಜೀನಾಮೆ. ನೀವಾಗಿಯೇ ಬಿಟ್ಟರೆ ಹೆಸರು ಕೆಡದು ಎಂಬ ಮಾತಿಗೆ ಒಪ್ಪಿ ಸಹಿ ಹಾಕಿದವರು ವಜಾ ಪರಿಹಾರದ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ದಿವಾಳಿಯ ಸರದಿ ಸಾಲು

ಸಂಸ್ಥೆ ಸಾಲ ತೀರಿಸಲಾಗದೆ ಸಮಾಪನೆಗೊಂಡರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಅದರ 53ನೆಯ ಕಲಮು ಉಳಿದ ಆಸ್ತಿಯನ್ನು ಹಂಚುವ ಸರದಿಯನ್ನು ನಿಗದಿಪಡಿಸಿದೆ. ಪ್ರಕ್ರಿಯೆಯ ವೆಚ್ಚ ಕಳೆದ ಬಳಿಕ ಕಾರ್ಮಿಕರ 24 ತಿಂಗಳವರೆಗಿನ ಬಾಕಿಯು ಭದ್ರತೆಯುಳ್ಳ ಸಾಲಗಾರರ ಸಮನಾಗಿ ನಿಲ್ಲುತ್ತದೆ. ಅದರ ನಂತರ ಇತರ ನೌಕರರ 12 ತಿಂಗಳವರೆಗಿನ ವೇತನ. ಷೇರುದಾರರದು ಕೊನೆಯ ಸರದಿ. ಸಂಬಳದ ಬದಲು ಕಂಪನಿಯ ಷೇರು ಪಡೆದವರ ಕೈಗೆ ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಏನೂ ಬರುವುದಿಲ್ಲ.

ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಗ್ರಾಚ್ಯುಟಿ ನಿಧಿಯಲ್ಲಿರುವ ಹಣವನ್ನು ಮಾತ್ರ ಈ ಹಂಚಿಕೆಯಿಂದ ಹೊರಗಿಡಲಾಗಿದೆ. ಆ ಹಣ ನೌಕರರದ್ದೇ. ಆದರೆ ಸಂಬಳದಲ್ಲಿ ಕಡಿತವಾದ ಮೊತ್ತ ನಿಜಕ್ಕೂ ಜಮೆಯಾಗುತ್ತಿದೆಯೇ ಎಂಬುದನ್ನು ಪಾಸ್‌ಪುಸ್ತಕದಲ್ಲಿ ಆಗಾಗ ನೋಡಿಕೊಳ್ಳಬೇಕಾದವರು ನೌಕರರೇ. ಕಡಿತ ಮಾಡಿಯೂ ಜಮೆ ಮಾಡದಿರುವುದು ಅಪರಾಧ. ಸಂಸ್ಥೆ ಬಳಲುತ್ತಿದೆ ಎಂಬುದರ ಮೊದಲ ಗುರುತುಗಳಲ್ಲಿ ಅದೂ ಒಂದು.

ಬಿಡಿ ಕೆಲಸಗಾರರ ಪಾಡು

ಇ-ಕ್ರೀಡಾ ಮಾಧ್ಯಮದಲ್ಲಿ ಕಾಯಂ ನೌಕರರ ಜೊತೆಗೆ ಲೇಖನಕ್ಕಿಷ್ಟು, ಪಂದ್ಯಕ್ಕಿಷ್ಟು ಎಂದು ದುಡಿಯುವವರೂ ಇದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಇವರು ನೌಕರರಲ್ಲ, ಸೇವೆ ಮಾರುವ ವ್ಯಾಪಾರಿಗಳು. ದಿವಾಳಿಯ ಸಾಲಿನಲ್ಲಿ ಇವರ ಸ್ಥಾನ ಬಹಳ ಹಿಂದೆ. ದಿವಾಳಿ ಪ್ರಕ್ರಿಯೆ ಕೋರಬೇಕಾದರೆ ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕೆಂಬ ನಿಯಮ 2020ರಿಂದ ಇರುವುದರಿಂದ ಕೆಲವು ಸಾವಿರ ರೂಪಾಯಿ ಬರಬೇಕಾದವರಿಗೆ ಆ ಬಾಗಿಲೂ ಮುಚ್ಚಿದಂತೆ. ಇವರಿಗಿರುವ ಒಂದು ದಾರಿಯೆಂದರೆ ಉದ್ಯಮ್ ನೋಂದಣಿ. ಸೇವೆ ನೀಡುವ ಮುನ್ನವೇ ಕಿರು ಉದ್ಯಮಿಯೆಂದು ನೋಂದಾಯಿಸಿಕೊಂಡವರಿಗೆ 45 ದಿನಗಳೊಳಗೆ ಹಣ ಸಲ್ಲಬೇಕು. ಸಲ್ಲದಿದ್ದರೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ನೀಡಬಹುದು.

ಇವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಮುದ್ರಿತ ಪತ್ರಿಕೆ ನಿಂತರೂ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ. ಅಂತರ್ಜಾಲ ತಾಣ ಮುಚ್ಚಿದರೆ ವರ್ಷಗಳ ಬರಹ ಒಂದೇ ರಾತ್ರಿಯಲ್ಲಿ ಇಲ್ಲವಾಗಬಹುದು. ಮುಂದಿನ ಕೆಲಸಕ್ಕೆ ತೋರಿಸಲು ಇದ್ದ ಪುರಾವೆಯೂ ಅದರೊಂದಿಗೆ ಹೋಗುತ್ತದೆ. ಪ್ರಕಟವಾದ ಬರಹ ಮತ್ತು ವಿಡಿಯೊಗಳ ಪ್ರತಿಯನ್ನು ಸ್ವಂತಕ್ಕೆ ಇರಿಸಿಕೊಳ್ಳುವುದು ಈ ಕಾರಣಕ್ಕೆ ಅಗತ್ಯ.

ಇ-ಕ್ರೀಡೆ ಅಳಿಯುತ್ತದೆ ಎಂದು ಇದರ ಅರ್ಥವಲ್ಲ. 2022ರ ಡಿಸೆಂಬರ್‌ನಲ್ಲಿ ಅದು ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಬಂದಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯೂ ಆಯಿತು. ಆಟ ಉಳಿಯುತ್ತದೆ, ಅದನ್ನು ನೋಡುವವರೂ ಇರುತ್ತಾರೆ. ಅದನ್ನು ಜನರಿಗೆ ತಲುಪಿಸುವವರ ಬದುಕು ಉಳಿಯುವುದೇ ಎಂಬುದು ಬೇರೆ ಪ್ರಶ್ನೆ.

ಹಳದಿ ರೋಗ ಕಂಡ ಮಲೆನಾಡಿನ ಬೆಳೆಗಾರರು ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರು, ಮರಗಳ ನಡುವೆ ಕಾಫಿ ಮತ್ತು ಬಾಳೆ ನೆಟ್ಟರು. ಒಂದು ಹೋದರೆ ಇನ್ನೊಂದಿರಲಿ ಎಂಬ ಈ ಎಚ್ಚರ ಹೊಸ ಉದ್ಯಮಗಳಲ್ಲಿ ಇನ್ನೂ ಮೂಡಿಲ್ಲ. ಅಲ್ಲಿಯವರೆಗೆ ಮಗ ಅಥವಾ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಬಂದಾಗ ಮುತ್ತಿನಕೊಪ್ಪದ ಮನೆಯವರು ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳುವುದು ಒಳ್ಳೆಯದು: ನೇಮಕಾತಿ ಪತ್ರ ಕೈಗೆ ಬಂದಿದೆಯೇ, ಭವಿಷ್ಯ ನಿಧಿ ಜಮೆಯಾಗುತ್ತಿದೆಯೇ?